ಹೋಟೆಲ್ ರೂಮಿಗೆ 212 ಅಂತಲೇ ನಂಬರ್ ಯಾಕೆ?

ಪ್ರಶ್ನೆ: ‘ಶಾಂಬ್ರ್ 212’ ಅನ್ನೋ ಫ್ರೆಂಚ್ ಸಿನಿಮಾ ನೋಡಿದೆ. ಗಂಡನ ಮೇಲೆ ಮುನಿಸಿಕೊಂಡು ಹೋಟೆಲ್ ಸೇರಿದ ಹೆಂಡತಿಯ ರೂಮಿಗೆ ಅದೇ ಗಂಡ ಹುಡುಗನಾಗಿ ಬರ್ತಾನೆ. ಇದು ಕನಸಾ? 212ಕ್ಕೇನಾದ್ರೂ ಅರ್ಥ ಇದೆಯಾ?

ಉತ್ತರ: ಮೊದಲು 212ರ ವಿಷಯ. ಅದು ಫ್ರಾನ್ಸಿನ ಸಿವಿಲ್ ಕೋಡ್‌ನ ಒಂದು ಕಲಂ. ಗಂಡ ಹೆಂಡತಿ ಒಬ್ಬರಿಗೊಬ್ಬರು ಗೌರವ, ನಿಷ್ಠೆ, ಆಸರೆ, ನೆರವು ಕೊಡಬೇಕು ಎನ್ನುತ್ತದೆ. ಅಲ್ಲಿ ಚರ್ಚಿನಲ್ಲಿ ಎಷ್ಟು ಅದ್ದೂರಿಯಾಗಿ ಮದುವೆಯಾದರೂ ಕಾನೂನಿನ ಲೆಕ್ಕಕ್ಕೆ ಬರುವುದಿಲ್ಲ. ಪುರಭವನದಲ್ಲಿ ಮೇಯರ್ ಎದುರು ಆಗಬೇಕು, ಆಗ ಈ ಕಲಂ ಅನ್ನು ವಧೂವರರಿಗೆ ಓದಿ ಹೇಳುತ್ತಾರೆ. ಹಾಗಾಗಿ ಮದುವೆಯಾದ ಫ್ರೆಂಚ್ ಪ್ರೇಕ್ಷಕರೆಲ್ಲ ಒಮ್ಮೆಯಾದರೂ ಇದನ್ನು ಕೇಳಿರುತ್ತಾರೆ. ಕಥಾನಾಯಕಿ ಮರಿಯಾ ಪಾಠ ಮಾಡುವುದೂ ಕಾನೂನನ್ನೇ. ನಿರ್ದೇಶಕ ಕ್ರಿಸ್ತೋಫ್ ಓನೊರೆ ಅವಳನ್ನು ಬೇಕಂತಲೇ ಆ ರೂಮಿಗೆ ಹಾಕಿದ್ದಾರೆ!

ಈ ಕಾನೂನಿನ ಕಥೆಯೂ ಸ್ವಾರಸ್ಯದ್ದೇ. 1804ರಲ್ಲಿ ಇದರ ಮುಂದಿನ ಕಲಮಿನಲ್ಲೇ ಹೆಂಡತಿ ಗಂಡನ ಮಾತು ಕೇಳಬೇಕು ಎಂದಿತ್ತು. ಅದು 1938ರಲ್ಲಿ ಹೋಯಿತು. 1975ರಲ್ಲಿ ವ್ಯಭಿಚಾರ ಅಪರಾಧವಾಗಿ ಉಳಿಯಲಿಲ್ಲ. ಗೌರವ ಅನ್ನುವುದನ್ನು ಸೇರಿಸಿದ್ದು 2006ರಲ್ಲಿ. ಇಷ್ಟೆಲ್ಲ ಆದರೂ ನಿಷ್ಠೆಯನ್ನು ಮಾತ್ರ ಯಾರೂ ಅಲ್ಲಿಂದ ಎಬ್ಬಿಸಿಲ್ಲ.

ಮರಿಯಾ ತಪ್ಪಿದ್ದು ಅಲ್ಲೇ. ಮದುವೆಯಾಗಿ 20 ವರ್ಷ. ವಿದ್ಯಾರ್ಥಿಯೊಬ್ಬನ ಜೊತೆಗಿನ ಸಂಬಂಧ ಫೋನಿನ ಮೆಸೇಜುಗಳಿಂದ ಬಯಲಾಗುತ್ತದೆ. ಅವನೇ ಮೊದಲಿಗನೂ ಅಲ್ಲ. ಆಕೆ ದೂರವೇನೂ ಹೋಗುವುದಿಲ್ಲ, ಎದುರಿನ ಹೋಟೆಲಿಗೆ ಹೋಗುತ್ತಾಳೆ. ಕಿಟಕಿಯಿಂದ ಗಂಡ ರಿಷಾರ್, ಸ್ವಂತ ಮನೆ ಎರಡೂ ಕಾಣುತ್ತವೆ. ಬಿಟ್ಟು ಹೋದವಳು ಇಷ್ಟು ಹತ್ತಿರ ಇರ್ತಾಳಾ? ಸಿನಿಮಾದ ಜೀವವೇ ಇದು.

ಇನ್ನು ಕನಸಿನ ವಿಷಯ. ಮರಿಯಾಳದ್ದೊಂದೇ ಕನಸು ಅನ್ನಲಾಗದು. ರೂಮಿಗೆ ಹರೆಯದ ರಿಷಾರ್ ಬರುತ್ತಾನೆ, ಹಳೆಯ ಪ್ರೇಮಿಗಳು ಬರುತ್ತಾರೆ, ಅಮ್ಮನೂ ಬಂದು ಬುದ್ಧಿ ಹೇಳುತ್ತಾಳೆ. ಇವರೆಲ್ಲ ಅವಳ ತಲೆಯೊಳಗಿನವರು ಎಂದುಕೊಳ್ಳಬಹುದು. ಆದರೆ ರಿಷಾರ್‌ನ ಮೊದಲ ಪ್ರೀತಿ, ಪಿಯಾನೊ ಟೀಚರ್ ಐರೀನ್, ರಸ್ತೆ ದಾಟಿ ಅವನ ಮನೆಗೇ ಹೋಗುತ್ತಾಳೆ. ಅಲ್ಲಿಗೆ ಕನಸಿನ ಲೆಕ್ಕ ತಪ್ಪಿತು ಅಲ್ವಾ? ನನ್ನ ಪ್ರಕಾರ ಇದನ್ನು ನಾಟಕದಂತೆ ನೋಡಬೇಕು. ರಂಗದ ಮೇಲೆ ಸತ್ತವರು ಬಂದು ಮಾತಾಡಿದರೆ ಯಾರೂ ಹೇಗೆ ಬಂದ್ರಿ ಎಂದು ಕೇಳುವುದಿಲ್ಲ. ಹುಡುಗ ರಿಷಾರ್ ಬರುವುದು ಮರಿಯಾಗೆ ಬಯ್ಯುವುದಕ್ಕೆ, ಆದರೆ ಅವಳು ಮತ್ತೆ ಅವನಿಗೇ ಮರುಳಾಗುತ್ತಾಳೆ. ಗಂಡನಿಗೆ ಗಂಡನ ಜೊತೆಗೇ ಮೋಸ! ನಗು ಬರುತ್ತದೆ, ಜೊತೆಗೆ ಸ್ವಲ್ಪ ಸಂಕಟವೂ ಆಗುತ್ತದೆ.

ಮರಿಯಾ ಪಾತ್ರಕ್ಕೆ ಕಿಯಾರಾ ಮಾಸ್ಟ್ರೊಯಾನಿ 2019ರ ಕಾನ್ ಚಿತ್ರೋತ್ಸವದ ‘ಅನ್ ಸರ್ಟನ್ ರಿಗಾರ್’ ವಿಭಾಗದಲ್ಲಿ ನಟನೆಯ ಪ್ರಶಸ್ತಿ ಪಡೆದರು. ನಡುವಯಸ್ಸಿನ ರಿಷಾರ್ ಆಗಿರುವ ಗಾಯಕ ಬೆಂಜಮಿನ್ ಬಿಯೊಲೆ ನಿಜ ಜೀವನದಲ್ಲಿ ಆಕೆಯ ಮಾಜಿ ಗಂಡ. ಇನ್ನೊಮ್ಮೆ ನೋಡುವುದಾದರೆ ಮರಿಯಾಳನ್ನು ಬಿಟ್ಟು ಸುಮ್ನೆ ರಿಷಾರ್‌ನ ಹಿಂದೆ ಹೋಗಿ. ಪಾಪದ ಗಂಡನಂತೆ ಕಾಣುವ ಅವನೂ ಐರೀನ್‌ಳನ್ನು ಬಿಟ್ಟೇ ಈ ಮದುವೆಗೆ ಬಂದವನು.