ಮ್ಯಾಂಗ್ರೋವ್ ಫಿಂಚ್: ವಿರಳತೆಗೆ ಎರಡು ಕಾರಣಗಳು

ಗಲಪಾಗಸ್ ದ್ವೀಪಗಳ ಪುಟ್ಟ ಹಕ್ಕಿಗಳಾದ ಡಾರ್ವಿನ್ ಫಿಂಚ್‌ಗಳ ಪಾಠ ಬಂದರೆ ನಾವೆಲ್ಲ ಕೊಕ್ಕುಗಳ ಚಿತ್ರ ಬರೆದು, ಯಾವ ಕೊಕ್ಕಿಗೆ ಯಾವ ಆಹಾರ ಎಂದು ಗುರುತು ಹಾಕಿ ಮುಂದೆ ಸಾಗುತ್ತೇವೆ. ಆ ಗುಂಪಿನಲ್ಲೇ ಅತಿ ವಿರಳವಾದ ಮ್ಯಾಂಗ್ರೋವ್ ಫಿಂಚ್ ವಿಷಯದಲ್ಲಿ ಅಷ್ಟು ಸಾಲದು. ಅದನ್ನು ತಿಳಿಯಲು ಮೊದಲು ಅದರ ಕಾಡನ್ನು ತಿಳಿಯಬೇಕು.

ಈಕ್ವೆಡಾರ್ ದೇಶಕ್ಕೆ ಸೇರಿದ ಗಲಪಾಗಸ್ ದ್ವೀಪಸ್ತೋಮದಲ್ಲಿ ಇಸಬೆಲಾ ಎಲ್ಲಕ್ಕಿಂತ ದೊಡ್ಡದು. ಅದರ ವಾಯವ್ಯ ಕರಾವಳಿಯ ಪ್ಲಾಯಾ ಟೋರ್ಟುಗಾ ನೆಗ್ರಾ ಮತ್ತು ಕಲೆಟಾ ಬ್ಲ್ಯಾಕ್ ಎಂಬ ಎರಡು ಕಾಂಡ್ಲಾ (ಮ್ಯಾಂಗ್ರೋವ್) ವನಗಳೇ ಈ ಹಕ್ಕಿಯ ಕೊನೆಯ ನೆಲೆ. ಎರಡೂ ಸೇರಿ ಸುಮಾರು 30 ಹೆಕ್ಟೇರ್; ಉಳಿದಿರುವ ಹಕ್ಕಿಗಳು ನೂರರ ಆಸುಪಾಸು. ಹಿಂದೆ ಪಕ್ಕದ ಫರ್ನಾಂಡಿನಾ ದ್ವೀಪದಲ್ಲೂ ಇತ್ತು, ಈಗ ಅಲ್ಲಿಲ್ಲ. ಡಾರ್ವಿನ್ 1835ರಲ್ಲಿ ಇಸಬೆಲಾದಲ್ಲಿ ಇಳಿದಿದ್ದರೂ ಈ ಹಕ್ಕಿ ಅವರ ಸಂಗ್ರಹಕ್ಕೆ ಸೇರಲಿಲ್ಲ. ವಿಜ್ಞಾನ ಇದನ್ನು ವಿವರಿಸಿದ್ದು 1901ರಲ್ಲಿ.

ಕಾಂಡ್ಲಾ ಕಾಡು ಇತರ ಕಡೆಯೂ ಇದೆಯಲ್ಲ, ಇಲ್ಲೇ ಏಕೆ? ಸಾಮಾನ್ಯವಾಗಿ ಕಡಲಿನ ಭರತ (ಉಬ್ಬರ) ಬಂದು ಹೋಗುವಾಗ ಉದುರಿದ ಎಲೆಗಳನ್ನು ಸಮುದ್ರಕ್ಕೆ ಎಳೆದೊಯ್ಯುತ್ತದೆ. ಈ ಎರಡು ಕಡೆ ಮಾತ್ರ ಮರಗಳಿಗೂ ಕಡಲಿಗೂ ನಡುವೆ ಮರಳಿನ ದಿಬ್ಬವಿದೆ. ಹೀಗಾಗಿ ತರಗೆಲೆ, ಒಣಕೊಂಬೆಗಳು ಬಿದ್ದಲ್ಲೇ ಕೊಳೆಯುತ್ತವೆ, ಅದರಲ್ಲಿ ಹುಳುಗಳು ಬೆಳೆಯುತ್ತವೆ. ಹಕ್ಕಿ ತರಗೆಲೆ ಕೆದಕಿ, ತೊಗಟೆ ಸುಲಿದು, ಜೇಡ, ಕೀಟ, ಮರಿಹುಳುಗಳನ್ನು ಹೆಕ್ಕುತ್ತದೆ. ಒಮ್ಮೊಮ್ಮೆ ಕಡ್ಡಿಯನ್ನು ಕೊಕ್ಕಿನಲ್ಲಿ ಹಿಡಿದು ಬಿರುಕಿನ ಹುಳವನ್ನು ಹೊರಗೆಳೆಯುವುದೂ ಉಂಟು. ಈ ವಿದ್ಯೆಯಲ್ಲಿ ಹೆಚ್ಚು ಹೆಸರು ಪಡೆದದ್ದು ಇದರ ಹತ್ತಿರದ ಸಂಬಂಧಿ ಮರಕುಟಿಗ ಫಿಂಚ್. ವನದ ಸುತ್ತಲೂ ಬರಡು ಲಾವಾ ಬಯಲು.

ಅಂದರೆ ಈ ಹಕ್ಕಿ ಎಂದೂ ಹೇರಳವಾಗಿರುವುದು ಸಾಧ್ಯವಿರಲಿಲ್ಲ. ಇಕ್ಕಟ್ಟಾದ ನೆಲೆಯಿಂದ ಬಂದ ವಿರಳತೆ ಒಂದು, ಮನುಷ್ಯರ ಜೊತೆ ಬಂದ ಜೀವಿಗಳು ತಂದ ವಿರಳತೆ ಇನ್ನೊಂದು. ಪರೀಕ್ಷೆಯ ಉತ್ತರಗಳಲ್ಲಿ ಇವೆರಡನ್ನೂ ‘ಆವಾಸನಾಶ’ ಎಂಬ ಒಂದೇ ಚೀಲಕ್ಕೆ ತುಂಬುವುದು ನನಗೆ ಸರಿಕಾಣುವುದಿಲ್ಲ. ಇಲ್ಲಿ ಮರಗಳು ನಿಂತೇ ಇವೆ; ಮರಿಗಳು ಉಳಿಯುತ್ತಿಲ್ಲ.

ಹಡಗುಗಳೊಡನೆ ಬಂದ ಕಪ್ಪು ಇಲಿ ಗೂಡಿಗೇ ಹತ್ತಿ ಮೊಟ್ಟೆ, ಮರಿಗಳನ್ನು ತಿನ್ನುತ್ತದೆ. ವಿಷದ ತಿನಿಸು ಇಟ್ಟು ಇಲಿಗಳನ್ನು ಬಹುಮಟ್ಟಿಗೆ ಹತೋಟಿಗೆ ತಂದಿದ್ದಾರೆ. ಹಾಗೆಯೇ ಹೊರಗಿನಿಂದ ಬಂದ ಒಂದು ಪರಾವಲಂಬಿ ನೊಣದ ಕಥೆ ಬೇರೆ. ಫಿಲಾರ್ನಿಸ್ ಡೌನ್ಸಿ ಎಂಬ ಈ ನೊಣ ಗಲಪಾಗಸ್‌ನಲ್ಲಿ 1964ರಲ್ಲೇ ಇತ್ತೆಂದು ಹಳೆಯ ಕೀಟಸಂಗ್ರಹಗಳಿಂದ ತಿಳಿದಿದೆ. ಫಿಂಚ್ ಗೂಡುಗಳಲ್ಲಿ ಅದರ ಮರಿಹುಳುಗಳು ಕಣ್ಣಿಗೆ ಬಿದ್ದದ್ದು 1997ರಲ್ಲಿ. ಬೆಳೆದ ನೊಣ ಹಕ್ಕಿಯನ್ನು ಕಚ್ಚುವುದಿಲ್ಲ. ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುತ್ತದೆ, ಅಷ್ಟೇ. ಎಳೆಯ ಹುಳುಗಳು ಹಕ್ಕಿಮರಿಯ ಮೂಗಿನ ಹೊಳ್ಳೆಯನ್ನು ಹೊಕ್ಕುತ್ತವೆ. ದೊಡ್ಡವಾದ ಮೇಲೆ ಗೂಡಿನ ತಳದಲ್ಲಿ ಅಡಗಿದ್ದು ರಾತ್ರಿ ಮೇಲೆ ಬಂದು ರಕ್ತ ಹೀರುತ್ತವೆ. ಬದುಕುಳಿದ ಫಿಂಚ್ ಮರಿಗಳಲ್ಲಿ ಕೆಲವಕ್ಕೆ ಕೊಕ್ಕಿನ ಹೊಳ್ಳೆಗಳು ವಿಕಾರವಾಗಿ ಹಿಗ್ಗಿರುತ್ತವೆ. ತಳಕ್ಕೆ ಕೀಟನಾಶಕ ಹಾಕಿದರೆ ಹುಳು ಸಾಯುತ್ತದೆ ನಿಜ. ಆದರೆ ಈ ಹಕ್ಕಿಯ ಗುಮ್ಮಟದಂಥ ಗೂಡು ಎತ್ತರದ ಮರದ ನೆತ್ತಿಯಲ್ಲಿರುತ್ತದೆ. ಪ್ರತಿಯೊಂದಕ್ಕೂ ಜನ ಹತ್ತಬೇಕು.

ಆದ್ದರಿಂದ 2014ರಲ್ಲಿ ಬೇರೆ ದಾರಿ ಹಿಡಿದರು. ಋತುವಿನ ಆರಂಭದ, ಹೇಗೂ ಉಳಿಯುವ ಭರವಸೆಯಿಲ್ಲದ ಮೊಟ್ಟೆಗಳನ್ನೂ ಆಗತಾನೇ ಹೊರಬಂದ ಮರಿಗಳನ್ನೂ ಸಾಂತಾ ಕ್ರೂಜ್ ದ್ವೀಪದ ಚಾರ್ಲ್ಸ್ ಡಾರ್ವಿನ್ ಸಂಶೋಧನಾ ಕೇಂದ್ರಕ್ಕೆ ಒಯ್ದು ಕೈತುತ್ತು ಕೊಟ್ಟು ಬೆಳೆಸಿದರು. ಮೊಟ್ಟೆ ಕಳೆದುಕೊಂಡ ಜೋಡಿ ಮತ್ತೆ ಗೂಡು ಕಟ್ಟುತ್ತದೆ ಎಂಬುದೇ ಈ ಲೆಕ್ಕಾಚಾರದ ಜಾಣತನ. ಬೆಳೆದ ಮರಿಗಳನ್ನು ತವರಿನ ಕಾಂಡ್ಲಾ ವನದ ಬಲೆಮನೆಯಲ್ಲಿ ಕೆಲಕಾಲ ಇರಿಸಿ, ಕಾಡಿಗೆ ಒಗ್ಗಿಸಿ ಬಿಡುಗಡೆ ಮಾಡಿದರು. ಮೊದಲ ವರ್ಷ ಹಾಗೆ ಹಾರಿದವು 15.

ಸಂಖ್ಯೆ ತೀರಾ ಕುಸಿದಾಗ ಏನಾಗುತ್ತದೆ ಎಂಬುದಕ್ಕೆ ಇಸಬೆಲಾದ್ದೇ ಇನ್ನೊಂದು ಭಾಗದ ಕಾರ್ಟಾಗೊ ಕೊಲ್ಲಿಯನ್ನು ನೋಡಬೇಕು. ಅಲ್ಲಿ ಹಿಂದೆ ಉಳಿದಿದ್ದ ಬೆರಳೆಣಿಕೆಯ ಮ್ಯಾಂಗ್ರೋವ್ ಫಿಂಚ್‌ಗಳು ತಮ್ಮವರಲ್ಲಿ ಜೊತೆ ಸಿಗದೆ ಮರಕುಟಿಗ ಫಿಂಚ್‌ಗಳೊಡನೆ ಕೂಡಿದವು. ಅಲ್ಲಿನ ಹಕ್ಕಿಗಳ ವಂಶವಾಹಿಗಳಲ್ಲಿ ಆ ಬೆರಕೆ ಕಂಡುಬಂದಿದೆ.