ಏಳು ದಿನದ ಲೆಕ್ಕವೋ, ಮೂವತ್ತು ದಿನದ ಲೆಕ್ಕವೋ: ಬಡವರ ಸಂಖ್ಯೆಯ ಹಿಂದಿನ ಕಥೆ

1994ರಿಂದ 1998ರವರೆಗೆ ನಮ್ಮ ದೇಶದಲ್ಲಿ ಒಂದು ಪ್ರಯೋಗ ನಡೆಯಿತು. ಜಾಸ್ತಿ ಜನಕ್ಕೆ ಇದು ಗೊತ್ತಿಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆ ಅಂತ ಒಂದಿದೆ, ಮನೆಮನೆಗೆ ಹೋಗಿ ಏನು ತಿಂದ್ರಿ, ಯಾವುದಕ್ಕೆ ಎಷ್ಟು ಖರ್ಚಾಯ್ತು ಅಂತ ಕೇಳಿ ಬರೆದುಕೊಳ್ಳುವುದು ಅದರ ಕೆಲಸ. ಅವರು ತಾವು ಆರಿಸಿದ ಮನೆಗಳನ್ನು ಲಾಟರಿ ಎತ್ತಿ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹಳೇ ಪ್ರಶ್ನೆ: ಕಳೆದ 30 ದಿನದಲ್ಲಿ ಏನೇನು ಖರ್ಚಾಯ್ತು? ಇನ್ನೊಂದಕ್ಕೆ ಹೊಸದು: ಊಟ, ಎಲೆಅಡಿಕೆ, ಬೀಡಿ ಇಂಥವಕ್ಕೆ ಕಳೆದ 7 ದಿನದ ಲೆಕ್ಕ, ಬಟ್ಟೆಬರೆ ಥರದ್ದಕ್ಕೆ ಕಳೆದ 365 ದಿನದ ಲೆಕ್ಕ.

ಎರಡು ಗುಂಪಿನ ಮನೆಗಳಲ್ಲಿ ವ್ಯತ್ಯಾಸವೇನೂ ಇರಲಿಲ್ಲ. ಅದೇ ಹಳ್ಳಿಗಳು, ಅದೇ ವರ್ಷ, ಅದೇ ಥರದ ಸಂಸಾರಗಳು. ಆದರೆ 7 ದಿನದ ಲೆಕ್ಕ ಕೊಟ್ಟವರ ಊಟದ ಖರ್ಚು ಸುಮಾರು ಶೇ 30ರಷ್ಟು ಜಾಸ್ತಿ ಬಂತು. ಎರಡನೇ ಗುಂಪಿನ ಉತ್ತರಗಳನ್ನು ಅದೇ ಬಡತನ ರೇಖೆಯ (ತಿಂಗಳಿಗೆ ಇಷ್ಟಕ್ಕಿಂತ ಕಡಿಮೆ ಖರ್ಚು ಮಾಡುವವರು ಬಡವರು ಅನ್ನುವ ಗೆರೆ) ಪಕ್ಕ ಇಟ್ಟು ನೋಡಿದರೆ ದೇಶದ ಬಡವರ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತಿತ್ತು. ಯಾರಿಗೂ ಒಂದು ರೂಪಾಯಿ ಕೂಲಿ ಜಾಸ್ತಿ ಸಿಕ್ಕಿರಲಿಲ್ಲ.

ಅಂಕಿಅಂಶ ಅಂದ ಕೂಡಲೇ ನಾವು ಸರಾಸರಿ, ಶೇಕಡಾವಾರು, ಗ್ರಾಫ್ ಅಂತ ಶುರುಮಾಡುತ್ತೇವೆ. ಅದಕ್ಕೂ ಮೊದಲು ಬರುವುದು ಅಳತೆ. ಅಳೆದದ್ದು ಹೇಗೆ, ಯಾರನ್ನು ಕೇಳಿ, ಯಾವ ಮಾತಲ್ಲಿ ಕೇಳಿ ಅನ್ನುವುದು ತಿಳಿಯದೆ ಒಂದು ಸಂಖ್ಯೆಯ ಮೇಲೆ ಟಿವಿಯಲ್ಲಿ ಕಿತ್ತಾಡಿ ಪ್ರಯೋಜನವಿಲ್ಲ. ಈ 7 ಮತ್ತು 30ರ ಜಗಳದಷ್ಟು ಚೆನ್ನಾಗಿ ಇದನ್ನು ಕಲಿಸುವ ಇನ್ನೊಂದು ಉದಾಹರಣೆ ನನಗಂತೂ ಗೊತ್ತಿಲ್ಲ.

ಕಥೆ ಶುರುವಾಗುವುದು ಕಲ್ಕತ್ತದಲ್ಲಿ, ಪ್ರಶಾಂತಚಂದ್ರ ಮಹಲನೋಬಿಸ್ ಅವರಿಂದ. ಅವರು ಭೌತಶಾಸ್ತ್ರದ ಮೇಷ್ಟ್ರು. ಕೇಂಬ್ರಿಡ್ಜ್‌ನಲ್ಲಿ ಓದಿ ಬಂದು ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಸಂಖ್ಯಾಶಾಸ್ತ್ರದ ಹುಚ್ಚು ಹಿಡಿಸಿಕೊಂಡು 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದರು. (ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಕೆಲಸ ಹುಡುಕಿಕೊಂಡು ಕಲ್ಕತ್ತಕ್ಕೆ ಹೋಗಿ 1941ರಲ್ಲಿ ಸೇರಿಕೊಂಡದ್ದು ಇದೇ ಸಂಸ್ಥೆಗೆ. ಮುಂದೆ ಅವರು ಜಗತ್ತಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದರು.) 1937ರಿಂದ ಮಹಲನೋಬಿಸ್ ಬಂಗಾಳದ ಸೆಣಬಿನ ಬೆಳೆಯ ಅಂದಾಜಿಗೆ ಕೈಹಾಕಿದರು. ಇಡೀ ಪ್ರಾಂತ್ಯದ ಹೊಲವನ್ನೆಲ್ಲ ಅಳೆಯುತ್ತಾ ಕೂತರೆ ದುಡ್ಡೂ ಸಾಲದು, ಹೊತ್ತೂ ಸಾಲದು. ಅದಕ್ಕೇ ಕೆಲವೇ ಜಾಗಗಳನ್ನು ಯಾದೃಚ್ಛಿಕವಾಗಿ, ಅಂದರೆ ಯಾರ ಇಷ್ಟಕ್ಕೂ ಬಿಡದೆ ಆರಿಸಿ ಅಷ್ಟನ್ನೇ ಸರಿಯಾಗಿ ಅಳೆಯೋಣ ಅಂದರು. ಸ್ಯಾಂಪಲ್ ಅಂದರೆ ಇಷ್ಟೇ.

ಅವರ ಇನ್ನೊಂದು ಉಪಾಯ ನನಗೆ ಬಹಳ ಇಷ್ಟ. ಒಂದೇ ಪ್ರದೇಶಕ್ಕೆ ಎರಡು ಬೇರೆ ತಂಡ ಕಳಿಸುತ್ತಿದ್ದರು. ಇಬ್ಬರಿಗೂ ಬೇರೆ ಬೇರೆ ಸ್ಯಾಂಪಲ್, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಗೊತ್ತಾಗಬಾರದು. ಕೊನೆಗೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ಲೆಕ್ಕದಲ್ಲಿ ಎಷ್ಟು ಏರುಪೇರಿದೆ ಅನ್ನುವುದು ಕಣ್ಣಿಗೇ ಕಾಣುತ್ತದೆ.

ಆದರೆ ಎರಡೂ ತಂಡ ಒಂದೇ ತಪ್ಪು ಮಾಡಿದರೆ? ಇದಕ್ಕೆ ಬೆಳೆ ಕಟಾವಿನ ಉದಾಹರಣೆ ಕೊಡುತ್ತೇನೆ, ಬೆಳೆ ವಿಮೆ ಕಟ್ಟಿದ ನಮ್ಮ ರೈತರಿಗೆ ಬೆಳೆ ಕಟಾವು ಪ್ರಯೋಗ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಹೊಲದಲ್ಲಿ ಒಂದು ತುಂಡು ಜಾಗ ಗುರುತುಮಾಡಿ, ಅಲ್ಲಿನ ಪೈರು ಕೊಯ್ದು, ಒಕ್ಕಿ, ತೂಗಿ, ಅದರಿಂದ ಇಳುವರಿ ಅಂದಾಜು ಮಾಡುತ್ತಾರೆ. ಮಹಲನೋಬಿಸ್ ಕೆಲವೇ ಅಡಿ ಅಗಲದ ಸಣ್ಣ ಸಣ್ಣ ತುಂಡು ಸಾಕು, ಅಂಥವು ತುಂಬಾ ಇರಲಿ ಅಂದರು. ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ಒಪ್ಪಲಿಲ್ಲ, ತುಂಡು ದೊಡ್ಡದೇ ಇರಬೇಕು ಅಂತ ಹಟ ಹಿಡಿದರು. 1940ರ ದಶಕದಲ್ಲಿ ಇಬ್ಬರ ನಡುವೆ ಇದು ದೊಡ್ಡ ವಾದವೇ ಆಯಿತು. ವಿಷಯ ಇರುವುದು ಅಂಚಿನಲ್ಲಿ. ಗೆರೆಯ ಮೇಲೇ ನಿಂತ ಪೈರು ಒಳಗೋ ಹೊರಗೋ? ಕೊಯ್ಯುವವನ ಕೈ ಸಾಮಾನ್ಯವಾಗಿ ಅದನ್ನು ಒಳಗೇ ಎಳೆದುಕೊಳ್ಳುತ್ತದೆ. 2 ಅಡಿ ತ್ರಿಜ್ಯದ ವೃತ್ತದಲ್ಲಿ ಒಂದು ಚದರ ಅಡಿ ಜಾಗಕ್ಕೆ 1 ಅಡಿ ಅಂಚು ಬರುತ್ತದೆ, 20 ಅಡಿ ತ್ರಿಜ್ಯಕ್ಕೆ ಹೋದರೆ ಅದರ ಹತ್ತನೇ ಒಂದು ಭಾಗ ಅಷ್ಟೇ. ಹಾಗಾಗಿ ತುಂಡು ಸಣ್ಣದಾದಷ್ಟೂ ಇಳುವರಿ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ಸಾವಿರ ತುಂಡು ಕೊಯ್ದರೂ ಸಾವಿರವೂ ಒಂದೇ ಕಡೆಗೆ ವಾಲಿರುತ್ತವೆ.

ಸಂಖ್ಯಾಶಾಸ್ತ್ರದ ಮೊದಲ ಪಾಠದಲ್ಲೇ ಇದನ್ನು ಹೇಳಿಕೊಡಬೇಕು ಅಂತ ನನ್ನ ಅಭಿಪ್ರಾಯ. ತಪ್ಪಿನಲ್ಲಿ ಎರಡು ಜಾತಿ. ಒಂದು, ಎಲ್ಲರನ್ನೂ ಕೇಳದೆ ಕೆಲವರನ್ನೇ ಕೇಳಿದ್ದರಿಂದ ಬರುವ ಏರುಪೇರು, ಸ್ಯಾಂಪಲ್ ದೊಡ್ಡದಾದ ಹಾಗೆ ಇದು ಕಡಿಮೆಯಾಗುತ್ತದೆ. ಇನ್ನೊಂದು ಅಳೆಯುವ ರೀತಿಯಲ್ಲೇ ಇರುವ ವಾಲಿಕೆ, ಲಕ್ಷ ಮನೆಗೆ ಹೋದರೂ ಇದು ಹೋಗಲ್ಲ. ಪತ್ರಿಕೆಗಳಲ್ಲಿ "ಇಷ್ಟು ಲಕ್ಷ ಜನರನ್ನು ಮಾತನಾಡಿಸಿದ ಸಮೀಕ್ಷೆ" ಅಂತ ದಪ್ಪಕ್ಷರದಲ್ಲಿ ಬಂದರೆ ಮೊದಲನೇ ಜಾತಿಯ ಬಗ್ಗೆ ಮಾತ್ರ ಧೈರ್ಯ ತಂದುಕೊಳ್ಳಬಹುದು.

ಸ್ವಾತಂತ್ರ್ಯ ಬಂದ ಮೇಲೆ 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಶುರುವಾಯಿತು. ಮೊದಲ ಸುತ್ತಿಗೆ ಸುಮಾರು 1,800 ಹಳ್ಳಿಗಳನ್ನು ಆರಿಸಿದ್ದರು. ಎಷ್ಟು ದಿನ ಹಿಂದಿನದನ್ನು ಕೇಳಬೇಕು ಅನ್ನುವ ಪ್ರಶ್ನೆ ಆಗಲೇ ಎದ್ದಿತ್ತು. ಅದನ್ನು ಬಾಯಿಮಾತಿನಲ್ಲಿ ಮುಗಿಸಲಿಲ್ಲ, ಅದು ಅವರ ದೊಡ್ಡತನ. 1952ರ ಸುಮಾರಿಗೆ ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಕೆಲವು ಮನೆಗಳಿಗೆ ವಾರದ ಲೆಕ್ಕ ಕೇಳಿದರು, ಕೆಲವಕ್ಕೆ ತಿಂಗಳ ಲೆಕ್ಕ ಕೇಳಿದರು, ಇನ್ನು ಕೆಲವು ಮನೆಗಳಲ್ಲಿ ಅಕ್ಕಿ, ಬೇಳೆ, ಸಕ್ಕರೆ, ಉಪ್ಪನ್ನು ತಾವೇ ತೂಗಿ ನೋಡಿದರು. ತೂಕಕ್ಕೆ ತಿಂಗಳ ಲೆಕ್ಕವೇ ಹತ್ತಿರ ಬಂತು, ವಾರದ್ದು ಜಾಸ್ತಿ ತೋರಿಸುತ್ತಿತ್ತು. ಸರಿ, 30 ದಿನ ಅಂತ ತೀರ್ಮಾನವಾಯಿತು.

ಯಾಕೆ ಹೀಗಾಗುತ್ತದೆ ಅನ್ನುವುದನ್ನು ಒಂದು ಮನೆಯ ಪಡಸಾಲೆಯಲ್ಲಿ ಕೂತು ಯೋಚಿಸಿ. ಸಮೀಕ್ಷೆಯವರು ಕೇಳುತ್ತಾರೆ: ಅಕ್ಕಾ, ರೇಷನ್ ಅಕ್ಕಿ ಎಷ್ಟು ಕೆಜಿ ಬಳಸಿದ್ರಿ? ಅಂಗಡಿ ಅಕ್ಕಿ? ಹೊಲದಲ್ಲಿ ಬೆಳೆದ ರಾಗಿ ಎಷ್ಟು? ಎಣ್ಣೆ? ಈರುಳ್ಳಿ? ಯಜಮಾನರು ಹೋಟೆಲಲ್ಲಿ ಕುಡಿದ ಟೀ ಎಷ್ಟು? ಹೀಗೆ ನೂರಾರು ಸಾಮಾನು. ಅಕ್ಕಿಯಾದರೆ ತಿಂಗಳ ಲೆಕ್ಕ ಬಾಯಲ್ಲೇ ಇರುತ್ತದೆ, ಮೂಟೆ ಬಂದದ್ದು ಯಾವಾಗ, ಖಾಲಿಯಾದದ್ದು ಯಾವಾಗ ಅಂತ ಎಲ್ಲರಿಗೂ ಗೊತ್ತು. ಮೂರು ವಾರದ ಹಿಂದೆ ಮಗುವಿಗೆ ಕೊಡಿಸಿದ ಬಿಸ್ಕತ್ತು, ಸಂತೆಯಲ್ಲಿ ತಿಂದ ಬೋಂಡ ಯಾರಿಗೆ ನೆನಪಿರುತ್ತದೆ? ಅದು ಬಿಟ್ಟುಹೋಗುತ್ತದೆ. ಇತ್ತ 7 ದಿನ ಅಂದರೆ, ಹತ್ತು ದಿನದ ಹಿಂದೆ ತಂದ ಕೋಳಿಯೂ "ಹೋದ ವಾರವೇ ಅಲ್ವಾ ತಂದಿದ್ದು" ಅಂತ ಲೆಕ್ಕದೊಳಗೆ ಸೇರಿಕೊಳ್ಳುತ್ತದೆ. ಒಂದು ಕಡೆ ಮರೆವು, ಇನ್ನೊಂದು ಕಡೆ ದಿನಗಳ ಕಲಸುಮೇಲೋಗರ. ಯಾರೂ ಬೇಕಂತ ಸುಳ್ಳು ಹೇಳುತ್ತಿಲ್ಲ.

1950ರ ದಶಕದ ತೀರ್ಮಾನ ಆ ಕಾಲಕ್ಕೆ ಸರಿಯಾಗಿಯೇ ಇತ್ತು. ಆದರೆ ಅಕ್ಕಿ, ಬೇಳೆ, ಉಪ್ಪಿಗೆ ಒಂದು ಸೀಮೆಯಲ್ಲಿ ಸರಿಹೋದದ್ದು ನಲವತ್ತು ವರ್ಷ ಕಳೆದ ಮೇಲೆ, ಹಾಲು, ತರಕಾರಿ, ಹೊರಗಿನ ತಿಂಡಿ ಜಾಸ್ತಿಯಾದ ಊಟಕ್ಕೂ ಸರಿಹೋಗಬೇಕು ಅಂತೇನಿಲ್ಲ. ಅಷ್ಟರಲ್ಲಿ ಇನ್ನೊಂದು ತಲೆನೋವು ಬೆಳೆದಿತ್ತು: ರಾಷ್ಟ್ರೀಯ ಆದಾಯದ ಲೆಕ್ಕದಲ್ಲಿ ಬರುವ ಜನರ ಖರ್ಚಿಗೂ ಸಮೀಕ್ಷೆಯಲ್ಲಿ ಬರುವ ಖರ್ಚಿಗೂ ಅಂತರ ದೊಡ್ಡದಾಗುತ್ತಿತ್ತು, ಸಮೀಕ್ಷೆಯದ್ದೇ ಕಡಿಮೆ. 30 ದಿನದ ಪ್ರಶ್ನೆಯಿಂದಲೇ ಖರ್ಚು ಮರೆತುಹೋಗುತ್ತಿದೆ ಅನ್ನುವ ಅನುಮಾನ ಬಂತು. ಆ 1994ರ ಪ್ರಯೋಗ ಈ ಅನುಮಾನದ ನಡುವೆ ನಡೆದದ್ದು.

ಆಮೇಲೆ ಆದದ್ದು ನನಗೆ ಇವತ್ತಿಗೂ ಬೇಸರದ ಸಂಗತಿ. 1999-2000ದ ದೊಡ್ಡ ಸುತ್ತಿನಲ್ಲಿ ಒಂದೇ ಮನೆಗೆ ಎರಡೂ ಪ್ರಶ್ನೆ ಕೇಳಿದರು, ಒಂದೇ ಹಾಳೆಯಲ್ಲಿ 7 ದಿನದ ಕಾಲಂ, ಪಕ್ಕದಲ್ಲೇ 30 ದಿನದ ಕಾಲಂ. ಈಗ ತಾನೇ ವಾರಕ್ಕೆ ಅರ್ಧ ಲೀಟರ್ ಎಣ್ಣೆ ಅಂದವರು ತಿಂಗಳಿಗೆ ಎಷ್ಟು ಅಂತ ಕೇಳಿದರೆ ಎರಡು ಲೀಟರ್ ಅನ್ನದೆ ಇನ್ನೇನು ಅನ್ನುತ್ತಾರೆ? ಎರಡು ಉತ್ತರವೂ ಒಂದನ್ನೊಂದು ಎಳೆದವು, ಹಳೇ ಅಳತೆಯೂ ಉಳಿಯಲಿಲ್ಲ, ಹೊಸದೂ ಆಗಲಿಲ್ಲ. ಬಡತನ 1993-94ರ ಶೇ 36ರಿಂದ ಶೇ 26.1ಕ್ಕೆ ಇಳಿಯಿತು ಅಂತ ಘೋಷಣೆಯಾಯಿತು. 1991ರ ಆರ್ಥಿಕ ಸುಧಾರಣೆಗಳಿಂದ ಬಡವರಿಗೆ ಒಳ್ಳೇದಾಯಿತಾ ಇಲ್ವಾ ಅನ್ನುವ ಜಗಳ ಕಾವೇರಿದ್ದ ಹೊತ್ತು ಅದು, ಆಗಲೇ ಅಳತೆಗೋಲು ಬದಲಾಗಿಬಿಟ್ಟಿತ್ತು. ಆ್ಯಂಗಸ್ ಡೀಟನ್ (2015ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು) ಸೇರಿದಂತೆ ಹಲವರು, ಎರಡೂ ಸುತ್ತಿನಲ್ಲಿ ಒಂದೇ ಥರ ಕೇಳಿದ್ದ ಸಾಮಾನುಗಳ ಖರ್ಚನ್ನು ಮಾತ್ರ ಹಿಡಿದು ಲೆಕ್ಕ ರಿಪೇರಿ ಮಾಡಲು ನೋಡಿದರು. ಡೀಟನ್ ಲೆಕ್ಕದಲ್ಲಿ ಬಡತನ ಇಳಿದದ್ದು ನಿಜ, ಆದರೆ ಹೇಳಿದಷ್ಟಲ್ಲ.

2004-05ಕ್ಕೆ ಬಂದರೆ ಎಲ್ಲಕ್ಕೂ 30 ದಿನ ಹಿಡಿದಾಗ ಬಡವರು ಶೇ 27.5. ಬಟ್ಟೆ, ಚಪ್ಪಲಿ, ಓದು, ಆಸ್ಪತ್ರೆಗೆ ಸೇರಿದ ಖರ್ಚು, ಪಾತ್ರೆಪಗಡೆ ಥರದ ಬಾಳಿಕೆ ಸಾಮಾನು ಇಷ್ಟಕ್ಕೆ ಮಾತ್ರ 365 ದಿನ ಹಿಡಿದಾಗ ಶೇ 21.8. ಇಲ್ಲಿ ಒಂದು ಸೂಕ್ಷ್ಮವಿದೆ. ವರ್ಷದ ಲೆಕ್ಕ ಕೇಳಿದರೆ ಮರೆವು ಜಾಸ್ತಿ, ಬಟ್ಟೆಯ ಸರಾಸರಿ ಖರ್ಚು ಕಡಿಮೆಯೇ ಬರುತ್ತದೆ. ಆದರೂ ಬಡವರ ಸಂಖ್ಯೆ ಇಳಿಯಿತು! ಕೂಲಿ ಮಾಡುವವರ ಮನೆಯಲ್ಲಿ ಪ್ರತಿ ತಿಂಗಳು ಬಟ್ಟೆ ತರುವುದಿಲ್ಲ, ತರುವುದು ಯುಗಾದಿಗೋ ದೀಪಾವಳಿಗೋ. ಬೇರೆ ತಿಂಗಳಲ್ಲಿ ಕೇಳಿದರೆ ಬಟ್ಟೆ ಖರ್ಚು ಸೊನ್ನೆ, ಹಾಗಾಗಿ ಅವರು ಇರುವುದಕ್ಕಿಂತ ಬಡವರಾಗಿ ಕಾಣುತ್ತಾರೆ. ವರ್ಷದ ಲೆಕ್ಕದಲ್ಲಿ ಆ ಸೊನ್ನೆಗಳು ಹೋಗಿ ಕೆಳಗಿನವರು ಕೊಂಚ ಮೇಲೆ ಬರುತ್ತಾರೆ. ಸರಾಸರಿ ಇಳಿದರೂ ಹಂಚಿಕೆಯ ತಳ ಏರಬಹುದು, ಅದಕ್ಕೇ ಬರೀ ಸರಾಸರಿ ಹೇಳಿ ನಿಲ್ಲಿಸುವವರನ್ನು ತಳದಲ್ಲಿ ಏನಾಯಿತು ಅಂತಲೂ ಕೇಳಬೇಕು.

ಆಮೇಲಿನದ್ದು ಬೇಗ ಹೇಳಿಬಿಡುತ್ತೇನೆ. 2009ರಲ್ಲಿ, ಬಡತನ ಅಳೆಯುವುದು ಹೇಗೆ ಅಂತ ಹೇಳಲು ಸರ್ಕಾರ ನೇಮಿಸಿದ್ದ ತೆಂಡೂಲ್ಕರ್ ಸಮಿತಿ 365 ದಿನ ಸೇರಿದ ಈ ಮಿಶ್ರ ಲೆಕ್ಕವನ್ನು ಒಪ್ಪಿ ಹೊಸ ರೇಖೆ ಎಳೆಯಿತು, ಅದರ ಪ್ರಕಾರ 2011-12ರಲ್ಲಿ ಬಡವರು ಶೇ 21.9. 2014ರಲ್ಲಿ ಅದೇ ಕೆಲಸಕ್ಕೆ ಬಂದ ರಂಗರಾಜನ್ ಸಮಿತಿ ತರಕಾರಿ, ಹಣ್ಣು, ಮೊಟ್ಟೆ, ಎಣ್ಣೆಗೆಲ್ಲ 7 ದಿನ ಹಿಡಿಯುವ ಇನ್ನೂ ಹೊಸ ಲೆಕ್ಕದ ಮೇಲೆ, ರೇಖೆಯನ್ನೂ ಎತ್ತರಿಸಿ, ಅದೇ ವರ್ಷಕ್ಕೆ ಶೇ 29.5 ಅಂದಿತು. 2017-18ರ ಸಮೀಕ್ಷೆಯ ವರದಿಯನ್ನು ಗುಣಮಟ್ಟ ಸರಿಯಿಲ್ಲ ಅಂತ ಸರ್ಕಾರ ಬಿಡುಗಡೆಯನ್ನೇ ಮಾಡಲಿಲ್ಲ.

2022-23ರ ಸಮೀಕ್ಷೆಯಲ್ಲಿ ತಲಾ ತಿಂಗಳ ಖರ್ಚು ಹಳ್ಳಿಯಲ್ಲಿ 3,773 ರೂಪಾಯಿ, ಪಟ್ಟಣದಲ್ಲಿ 6,459 ಅಂತ ಬಂತು. ಇದು ಸರಾಸರಿ. ಹಳ್ಳಿಯ ತಳದ ಶೇ 5 ಜನರದ್ದು 1,373, ಮೇಲಿನ ಶೇ 5ರದ್ದು 10,501. ಅನ್ನಭಾಗ್ಯದ ಅಕ್ಕಿಯಂತೆ ಪುಕ್ಕಟೆ ಬಂದದ್ದಕ್ಕೆ ಬೆಲೆ ಕಟ್ಟಿ ಸೇರಿಸಿದರೆ ಹಳ್ಳಿಯ ಸರಾಸರಿ 3,860 ಆಗುತ್ತದೆ. ಈ ಸಲ ಒಂದೇ ಸಲಕ್ಕೆ ಕೂರಿಸಿ ಕೇಳದೆ ಸಾಮಾನುಗಳನ್ನು ಮೂರು ಭಾಗ ಮಾಡಿ ಮೂರು ಬಾರಿ ಮನೆಗೆ ಹೋಗಿದ್ದಾರೆ. ಒಳ್ಳೆಯ ಕ್ರಮವೇ, ಗಂಟೆಗಟ್ಟಲೆ ಉತ್ತರ ಹೇಳಿ ಸುಸ್ತಾದವರು ಕೊನೆಕೊನೆಗೆ "ಏನಿಲ್ಲ, ಏನಿಲ್ಲ" ಅನ್ನುವುದು ಇದರಿಂದ ತಪ್ಪುತ್ತದೆ. ಆದರೆ 2011-12ರ ಜೊತೆ ಹೋಲಿಸುವುದು ಮತ್ತೆ ಕಷ್ಟವಾಯಿತು.

ಈಗ ತೆಂಡೂಲ್ಕರ್ ರೇಖೆಯನ್ನು ಬೆಲೆ ಏರಿಕೆಗೆ ತಕ್ಕಂತೆ ಎತ್ತಿ ಈ ಖರ್ಚಿನ ಪಕ್ಕ ಇಟ್ಟು ಬಡತನ ಮುಗಿದೇ ಹೋಯಿತು ಅನ್ನುವವರಿದ್ದಾರೆ. ರೇಖೆ ಎಳೆದದ್ದು ಊಟಕ್ಕೆ 30 ದಿನದ ಪ್ರಶ್ನೆ ಕೇಳಿದ ಸಮೀಕ್ಷೆಯಿಂದ, ಖರ್ಚು ಅಳೆದದ್ದು ಅದೇ ಊಟದ ಎಷ್ಟೋ ಸಾಮಾನಿಗೆ 7 ದಿನದ ಪ್ರಶ್ನೆ ಕೇಳಿ. ಇಳಿಕೆಯಲ್ಲಿ ಎಷ್ಟು ಪಾಲು ಜನರ ಬದುಕಿನದ್ದು, ಎಷ್ಟು ಪಾಲು ಪ್ರಶ್ನೆಯದ್ದು ಅಂತ ಆ ಹೋಲಿಕೆ ಬಿಡಿಸಿ ಹೇಳಲಾರದು. ಬಿಡಿಸುವ ದಾರಿ ಮಾತ್ರ ನಮ್ಮವರೇ ಎಂದೋ ತೋರಿಸಿದ್ದಾರೆ: ಮುಂದಿನ ಸುತ್ತಿನಲ್ಲಿ ಒಂದಷ್ಟು ಮನೆಗಳನ್ನು ಲಾಟರಿ ಎತ್ತಿ ಬೇರೆ ಮಾಡಿ, ಅವರಿಗೆ ಹಳೇ ಪ್ರಶ್ನೆಯನ್ನೇ ಹಳೇ ರೀತಿಯಲ್ಲೇ ಕೇಳಲಿ, ಆ ಮನೆಗಳಿಗೆ ಹೊಸ ಹಾಳೆ ತೋರಿಸುವುದೇ ಬೇಡ.