ಹೆಸರು ಕೊನೆಯಲ್ಲಿ ಯಾಕೆ?

ಓದುಗರ ಪ್ರಶ್ನೆ: ಪಿಯಾನೊ ಕಲಿಯುತ್ತಿದ್ದೇನೆ. ಫ್ರೆಂಚ್ ಸಂಗೀತಕಾರ ಡೆಬ್ಯುಸಿ ಅವರ ಪುಟ್ಟ ಪಿಯಾನೊ ತುಣುಕುಗಳಾದ ಪ್ರೆಲ್ಯೂಡ್‌ಗಳ ಪುಸ್ತಕದಲ್ಲಿ ಪ್ರತಿ ತುಣುಕಿನ ಮೇಲೂ ಬರೀ ಸಂಖ್ಯೆ ಇದೆ. ಹೆಸರು ಮಾತ್ರ ಕೊನೆಯ ಸಾಲಿನ ಕೆಳಗೆ, ಕಂಸದೊಳಗಿದೆ. ಇದು ಅಚ್ಚಿನ ತಪ್ಪೇ?

ತಪ್ಪಲ್ಲ, ಬೇಕೆಂದೇ ಮಾಡಿದ್ದು. ಕ್ಲೋಡ್ ಡೆಬ್ಯುಸಿ ಇವನ್ನು 1909ರಿಂದ 1913ರ ನಡುವೆ ಬರೆದರು. ಎರಡು ಪುಸ್ತಕ, ಒಂದೊಂದರಲ್ಲಿ 12 ತುಣುಕು. ಎಲ್ಲ 24ರ ಕೊನೆಯಲ್ಲೂ ಮೊದಲು ಮೂರು ಚುಕ್ಕಿ, ಆಮೇಲೆ ಹೆಸರು. ನುಡಿಸಿ ಮುಗಿಸಿದವರ ಕಿವಿಯಲ್ಲಿ ಮೆಲ್ಲಗೆ ಹೇಳಿದ ಹಾಗೆ.

ಹೆಸರು ಮೊದಲೇ ಗೊತ್ತಾದರೆ ನಾವು ಸ್ವರ ಬಿಟ್ಟು ಚಿತ್ರ ಹುಡುಕಲು ಶುರು ಮಾಡುತ್ತೇವೆ, ಅಲ್ವಾ?

ಮೊದಲ ಪುಸ್ತಕದ 2ನೆಯದನ್ನು ತೆಗೆದುಕೊಳ್ಳಿ. ಅದರ ಹೆಸರು ‘ವ್ವಾಲ್’. ಫ್ರೆಂಚ್‌ನಲ್ಲಿ ಈ ಪದಕ್ಕೆ ಹಡಗಿನ ಹಾಯಿ ಎಂಬ ಅರ್ಥವೂ ಇದೆ, ಮುಸುಕು ಎಂಬ ಅರ್ಥವೂ ಇದೆ. ಯಾವುದು ಎಂದು ಹೆಸರು ಬಿಟ್ಟುಕೊಡುವುದಿಲ್ಲ. ಸಂಗೀತವೂ ಹಾಗೆಯೇ. ಹೆಚ್ಚುಕಡಿಮೆ ಪೂರ್ತಿ ತುಣುಕು ಸಮ ಅಂತರದ ಆರು ಸ್ವರಗಳ ಮೇಲೆ ನಿಂತಿದೆ. ಎಲ್ಲ ಹೆಜ್ಜೆಗಳೂ ಒಂದೇ ಅಳತೆ ಇದ್ದಾಗ ಕಿವಿಗೆ ‘ಇದೇ ಮನೆ’ ಅನಿಸುವ ಜಾಗ ಸಿಗುವುದಿಲ್ಲ. ಕೆಳಗೆ ಒಂದೇ ಒಂದು ಸ್ವರ, ಬಿ ಫ್ಲಾಟ್, ಲಂಗರು ಹಾಕಿದಂತೆ ಮತ್ತೆ ಮತ್ತೆ ಬರುತ್ತದೆ. ನಡುವೆ ಸಂಗೀತ ಬರೀ ಆರು ಬಾರ್ (ಬಾರ್ ಅಂದರೆ ತಾಳದ ಒಂದು ಸುತ್ತು) ಕಪ್ಪು ಕೀಗಳಿಗೆ ಜಿಗಿಯುತ್ತದೆ, ಗಾಳಿ ಬೀಸಿದ ಹಾಗೆ. ಮತ್ತೆ ಎಲ್ಲ ತಣ್ಣಗಾಗುತ್ತದೆ. ನನಗಂತೂ ಅಲ್ಲಿ ಹಾಯಿಯೇ ಕಾಣುತ್ತದೆ.

6ನೆಯದರಲ್ಲಿ ಇನ್ನೊಂದು ಸೊಗಸಿದೆ. ‘ಹಿಮದ ಮೇಲೆ ಹೆಜ್ಜೆಗಳು’ ಎಂಬ ಹೆಸರು ಕೊನೆಯಲ್ಲೇ ಇದೆ. ಆದರೆ ಶುರುವಿನಲ್ಲೇ ನುಡಿಸುವವರಿಗೆ ಒಂದು ಮಾತು ಬರೆದಿದ್ದಾರೆ: ಈ ಲಯ ದುಃಖದ, ಹೆಪ್ಪುಗಟ್ಟಿದ ಬಯಲಿನಂತೆ ಕೇಳಬೇಕು. ಬೆರಳಿಗೆ ಬೇಕಾದ್ದು ಮೇಲೆ, ಮನಸ್ಸಿಗೆ ಬೇಕಾದ್ದು ಕೆಳಗೆ.

ಅಂದಹಾಗೆ, ಎರಡನೇ ಪುಸ್ತಕದ 7ನೆಯದಕ್ಕೆ ನಮ್ಮ ದೇಶದ ನಂಟಿದೆ. ‘ಬೆಳದಿಂಗಳ ದರ್ಬಾರಿನ ಮಹಡಿ’ ಎಂಬಂಥ ಆ ಹೆಸರು ಭಾರತದ ಬಗ್ಗೆ ಒಬ್ಬ ಫ್ರೆಂಚ್ ಪತ್ರಕರ್ತರು ಬರೆದ ಸಾಲಿನಿಂದ ಬಂದದ್ದು.

ಈಗಿನ ಸಂಗೀತ ಕಛೇರಿಗಳಲ್ಲಿ ಹೆಸರನ್ನು ಮೊದಲೇ ಅಚ್ಚು ಹಾಕಿ ಕೈಗೆ ಕೊಡುತ್ತಾರೆ. ನನಗೆ ಅದು ಬೇಸರ. ನೀವು ಮನೆಯಲ್ಲಿ ಎರಡನೇ ಪುಸ್ತಕದ 1ನೆಯದನ್ನು ತೆರೆಯಿರಿ. ಎಡಗೈ ಬಿಳಿ ಕೀಗಳ ಮೇಲೆ, ಬಲಗೈ ಜಾಸ್ತಿ ಕಪ್ಪು ಕೀಗಳ ಮೇಲೆ ಓಡಾಡುತ್ತದೆ. ಕೊನೆಯ ಪುಟದ ಬುಡಕ್ಕೆ ಒಂದು ಚೀಟಿ ಅಂಟಿಸಿ. ನಿಧಾನವಾಗಿ ನುಡಿಸಿ, ಕಂಡದ್ದನ್ನು ಆ ಚೀಟಿಯ ಮೇಲೆ ಬರೆಯಿರಿ. ಆಮೇಲೆ ಚೀಟಿ ಕಿತ್ತು ನೋಡಿ.